ಪೀಚಾ, ಬಾಟಲ್ ಗ್ರೀನಾ? ಒಂದು ರೂಮಿನ ಬಣ್ಣದ ಲೆಕ್ಕ

ಸಿ.ವಿ. ರಾಮನ್ ನಗರದ ಒಂದು ಬಾಡಿಗೆ ರೂಮಿನಲ್ಲಿ ನಾವು ಮೂವರು ಇದ್ದೀವಿ. ಹೋದ ತಿಂಗಳು ಓನರ್ ಅಂಕಲ್ ಬಂದು ಗೋಡೆ ನೋಡಿ, "ಏನ್ರಪ್ಪಾ ಇಷ್ಟು ಗಲೀಜು ಮಾಡಿದೀರ! ಪೇಂಟ್ ನಾನು ಕೊಡಿಸ್ತೀನಿ, ಹೊಡ್ಕೊಳ್ಳೋದು ನೀವೇ. ಬಣ್ಣ ನಿಮ್ಮಿಷ್ಟ. ಆದ್ರೆ ಖಾಲಿ ಮಾಡೋವಾಗ ತಿಳಿ ಬಣ್ಣ ಹೊಡೆದು ಕೊಡ್ಬೇಕು, ಇಲ್ಲಾಂದ್ರೆ ಅಡ್ವಾನ್ಸ್‌ನಲ್ಲಿ ಹಿಡ್ಕೋತೀನಿ" ಅಂದ್ರು.

ಅಲ್ಲಿಂದ ಶುರುವಾಯ್ತು ಜಗಳ. ಒಬ್ಬನಿಗೆ ತಿಳಿ ಪೀಚ್ ಬೇಕು. ಇನ್ನೊಬ್ಬನಿಗೆ ಕಡು ಬಾಟಲ್ ಗ್ರೀನ್ ಬೇಕು, ಯಾವುದೋ ಕೆಫೆಯಲ್ಲಿ ನೋಡಿದ್ದನಂತೆ. ಇಬ್ಬರೂ ಮೂರನೆಯವನ ವೋಟು ಕೇಳಿದೆವು. ಅವನು ಶೇಡ್ ಕಾರ್ಡನ್ನು ಎರಡು ಸಲ ತಿರುಗಿಸಿ ನೋಡಿ, "ಒಂದು ಕತ್ತಲೆ, ಒಂದು ಬೆಳಕು. ನಂಗೆ ಕಾಣ್ತಿರೋದು ಅಷ್ಟೇ ಕಣ್ರೋ" ಅಂದ. "ಹೋಗಲೋ, ನಿನಗೆ ಬಣ್ಣದ ಟೇಸ್ಟೇ ಇಲ್ಲ" ಅಂತ ನಕ್ಕುಬಿಟ್ಟೆವು. ಆ ನಗು ತಪ್ಪು ಅಂತ ಆಮೇಲೆ ಗೊತ್ತಾಯ್ತು. ಅದಕ್ಕೆ ಕೊನೆಗೆ ಬರ್ತೀವಿ. ಮೊದಲು ಬಣ್ಣದ ವಿಚಾರ.

ವೋಟಿನಿಂದ ತೀರ್ಮಾನ ಆಗಲಿಲ್ಲ, ಅದಕ್ಕೆ ಲೆಕ್ಕ ಹಾಕೋಣ ಅಂತ ಕೂತೆವು. ಇಂಜಿನಿಯರಿಂಗ್ ಓದಿ ಇಷ್ಟೂ ಮಾಡದಿದ್ದರೆ ಹೇಗೆ? ಜೊತೆಗೆ, ನಾವಿರೋ ಬಡಾವಣೆಯ ಹೆಸರೇ ಬಣ್ಣ, ಬೆಳಕು ಎರಡನ್ನೂ ಜೀವಮಾನವಿಡೀ ಬೆನ್ನುಹತ್ತಿದ ಮನುಷ್ಯನದ್ದು. 1921ರಲ್ಲಿ ಹಡಗಿನ ಮೇಲಿಂದ ಕಡಲು ನೋಡಿದ ರಾಮನ್, ಸಮುದ್ರದ ನೀಲಿ ಬರೀ ಆಕಾಶದ ಪ್ರತಿಬಿಂಬ ಅನ್ನೋ ಮಾತನ್ನು ಒಪ್ಪಲಿಲ್ಲ. ನೀರೇ ಬೆಳಕನ್ನು ಚದುರಿಸುತ್ತೆ ಅಂತ ತೋರಿಸಿದರು. 1928ರ ಫೆಬ್ರವರಿ 28ರ ಕಥೆ ಎಲ್ಲರಿಗೂ ಗೊತ್ತು. ಆದರೆ 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್, ಕೊನೆಯ ದಶಕದಲ್ಲಿ ಹೂವಿನ ಬಣ್ಣ, ಕಣ್ಣು ಬಣ್ಣವನ್ನು ಹೇಗೆ ಕಾಣುತ್ತೆ ಅನ್ನೋದರ ಮೇಲೆ ಕೆಲಸ ಮಾಡಿದರು, ದೃಷ್ಟಿಯ ಬಗ್ಗೆ 1968ರಲ್ಲಿ ಒಂದು ಪುಸ್ತಕವನ್ನೇ ತಂದರು ಅನ್ನೋದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ನಮಗೂ ಗೊತ್ತಿರಲಿಲ್ಲ.

ಪೇಂಟ್ ಡಬ್ಬದೊಳಗೆ ಏನಿದೆ?

ಎಮಲ್ಷನ್ ಪೇಂಟ್ ಅಂದರೆ ಮುಖ್ಯವಾಗಿ ನಾಲ್ಕು: ನೀರು, ಒಣಗಿದ ಮೇಲೆ ಗೋಡೆಗೆ ಅಂಟಿಕೊಳ್ಳುವ ಪಾಲಿಮರ್ (ಇದಕ್ಕೆ ಬೈಂಡರ್ ಅಂತಾರೆ), ಬಣ್ಣದ ಪುಡಿ ಅಂದರೆ ಪಿಗ್ಮೆಂಟ್, ಮತ್ತೆ ಚಾಕ್‌ನಂಥ ಅಗ್ಗದ ತುಂಬುಪುಡಿ. ತಿಳಿ ಬಣ್ಣಗಳಲ್ಲಿ ಇರೋ ಬಿಳಿ ಪಿಗ್ಮೆಂಟ್ ಟೈಟಾನಿಯಂ ಡೈಆಕ್ಸೈಡ್. ಇದರ ಕಚ್ಚಾವಸ್ತುವಾದ ಇಲ್ಮನೈಟ್ ಮರಳು ನಮ್ಮ ಪಕ್ಕದ ಕೇರಳದ ಕಡಲತೀರದಲ್ಲೇ ಸಿಗುತ್ತೆ.

ಬಿಳಿ ಹೇಗೆ ಬಿಳಿಯಾಗುತ್ತೆ? ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹೋಗುವಾಗ ಎರಡರ ವಕ್ರೀಭವನ ಸೂಚ್ಯಂಕದಲ್ಲಿ ವ್ಯತ್ಯಾಸ ಎಷ್ಟು ಹೆಚ್ಚೋ ಅಷ್ಟು ಚದುರುತ್ತೆ. ಬೈಂಡರ್‌ದು ಸುಮಾರು 1.5. ರುಟೈಲ್ ರೂಪದ ಟೈಟಾನಿಯಂ ಡೈಆಕ್ಸೈಡ್‌ದು ಸುಮಾರು 2.7. ಇಷ್ಟು ದೊಡ್ಡ ವ್ಯತ್ಯಾಸ ಇರೋದರಿಂದ ಬೆಳಕು ಪೇಂಟಿನ ತೆಳು ಪದರದೊಳಗೇ ಸಾವಿರ ಸಲ ತಿರುಗಿ ವಾಪಸ್ ಬರುತ್ತೆ, ಹಿಂದಿನ ಗೋಡೆ ಕಾಣೋದಿಲ್ಲ. ಪೇಂಟರ್‌ಗಳು "ಒಳ್ಳೆ ಮುಚ್ಚುತ್ತೆ ಸಾರ್" ಅನ್ನೋದು ಇದಕ್ಕೇ.

ಊರಿನಲ್ಲಿ ಹಬ್ಬಕ್ಕೆ ಸುಣ್ಣ ಬಳಿದವರಿಗೆ ಇನ್ನೊಂದು ನೆನಪಿರಬೇಕು. ಸುಣ್ಣ ಹಸಿಯಾಗಿದ್ದಾಗ ಗೋಡೆ ಹಂಗೇ ಕಾಣುತ್ತೆ. "ಏನೂ ಹಿಡೀಲೇ ಇಲ್ವಲ್ಲ" ಅನ್ಸುತ್ತೆ. ಒಣಗಿದ ಮೇಲೆ ನೋಡಿದರೆ ಬೆಳ್ಳಗೆ. ಇದೂ ಅದೇ ಭೌತಶಾಸ್ತ್ರ. ಸುಣ್ಣದ ಕಣಗಳ ಸೂಚ್ಯಂಕ ಸುಮಾರು 1.6, ನೀರಿನದು 1.33, ವ್ಯತ್ಯಾಸ ಕಡಿಮೆ. ನೀರು ಆರಿ ಆ ಜಾಗಕ್ಕೆ ಗಾಳಿ ಬಂದರೆ ಅದರದು 1. ವ್ಯತ್ಯಾಸ ಹೆಚ್ಚು, ಬಿಳುಪು ಹೆಚ್ಚು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸುಣ್ಣ ನಿಧಾನವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತೆ. ಅಜ್ಜಿಯಂದಿರು ಸುಣ್ಣಕ್ಕೆ ಚಿಟಿಕೆ ನೀಲಿ ಹಾಕ್ತಿದ್ದರಲ್ಲ, ಅದೂ ಸುಮ್ಮನೆ ಅಲ್ಲ. ಸುಣ್ಣದಲ್ಲಿರೋ ಸ್ವಲ್ಪ ಹಳದಿಯನ್ನು ನೀಲಿ ಸರಿದೂಗಿಸುತ್ತೆ. ಒಟ್ಟು ಬೆಳಕು ಚೂರು ಕಡಿಮೆಯಾದರೂ ಕಣ್ಣಿಗೆ "ಇನ್ನೂ ಬಿಳಿ" ಅನ್ಸುತ್ತೆ.

ಬಾಟಲ್ ಗ್ರೀನ್‌ನಂಥ ಕಡು ಬಣ್ಣದ ಕಥೆ ಬೇರೆ. ಅಲ್ಲಿ ಬಿಳಿ ಪಿಗ್ಮೆಂಟ್ ತೀರಾ ಕಡಿಮೆ; ಕೆಲಸ ಮಾಡೋದು ಬೆಳಕನ್ನು ನುಂಗುವ ಪಿಗ್ಮೆಂಟ್. ಕೆಂಪು, ನೀಲಿ ಭಾಗವನ್ನೆಲ್ಲ ನುಂಗಿ ಹಸಿರಿನ ಸ್ವಲ್ಪ ಭಾಗವನ್ನು ಮಾತ್ರ ವಾಪಸ್ ಕೊಡುತ್ತೆ. ಅಂಗಡಿಯ ಟಿಂಟಿಂಗ್ ಮಷೀನ್‌ನಲ್ಲಿ ತಿಳಿ ಬಣ್ಣಕ್ಕೆ ಒಂದು ಬೇಸ್, ಕಡು ಬಣ್ಣಕ್ಕೆ ಇನ್ನೊಂದು ಬೇಸ್ ಇಟ್ಟಿರೋದು ಇದಕ್ಕೇ.

ಮೊದಲ ಲೆಕ್ಕ: ಬೆಳಕು ಎಷ್ಟು ಉಳಿಯುತ್ತೆ?

ದೊಡ್ಡ ಪೇಂಟ್ ಕಂಪನಿಗಳು ಎಷ್ಟೋ ಶೇಡ್‌ಗಳಿಗೆ ಒಂದು ಸಂಖ್ಯೆ ಕೊಡ್ತಾರೆ: ಬಿದ್ದ ಬೆಳಕಿನಲ್ಲಿ ಶೇಕಡಾ ಎಷ್ಟು ವಾಪಸ್ ಬರುತ್ತೆ ಅಂತ. ಪೂರ್ತಿ ಕಪ್ಪು ಅಂದರೆ 0, ಪೂರ್ತಿ ಬಿಳಿ ಅಂದರೆ 100. ನಮ್ಮ ಪೀಚ್‌ಗೆ 65, ಬಾಟಲ್ ಗ್ರೀನ್‌ಗೆ 10 ಅಂತ ಹಿಡಿದೆವು. ಸಂಖ್ಯೆ ಸಿಗದಿದ್ದರೆ ಫೋನಿನಲ್ಲೇ ಅಂದಾಜು ಮಾಡಬಹುದು, ಅದನ್ನು ಮುಂದೆ ಹೇಳ್ತೀವಿ.

ರೂಮು 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ. ನಾಲ್ಕು ಗೋಡೆ ಸೇರಿ 440 ಚದರ ಅಡಿ. ಬಾಗಿಲು 21, ಕಿಟಕಿ 16, ಒಟ್ಟು 37 ಕಳೆದರೆ ಬಣ್ಣ ಹೊಡೆಯೋ ಗೋಡೆ 403. ಸೀಲಿಂಗ್ 120, ನೆಲ 120. ಎಲ್ಲಾ ಮೇಲ್ಮೈ ಸೇರಿ 680 ಚದರ ಅಡಿ. ಬಿಳಿ ಸೀಲಿಂಗ್ ಪ್ರತಿಫಲನ 0.8, ಮಂಚ, ಬ್ಯಾಗು, ಬಟ್ಟೆ ಹರಡಿರೋ ನೆಲ 0.3, ಬಾಗಿಲು ಕಿಟಕಿ 0.2 ಅಂತ ಇಟ್ಟುಕೊಂಡೆವು.

ಪೂರ್ತಿ ಪೀಚ್ ಆದರೆ ಇಡೀ ರೂಮಿನ ಸರಾಸರಿ ಪ್ರತಿಫಲನ 0.59. ಪೂರ್ತಿ ಹಸಿರಾದರೆ 0.26.

ಈಗ ಮುಖ್ಯ ವಿಷಯ. ಬೆಳಕು ಒಂದು ಸಲ ಗೋಡೆಗೆ ಬಡಿದು ಸುಮ್ಮನಾಗಲ್ಲ. ಅಲ್ಲಿಂದ ಇನ್ನೊಂದು ಗೋಡೆಗೆ, ಅಲ್ಲಿಂದ ಸೀಲಿಂಗಿಗೆ, ಹೀಗೆ ಪುಟಿತಾನೇ ಇರುತ್ತೆ. ಮೊದಲ ಸಲ 1, ಎರಡನೇ ಸಲ 0.59, ಮೂರನೇ ಸಲ 0.59ರ ವರ್ಗ... ಪಿಯುಸಿಯ ಗುಣೋತ್ತರ ಶ್ರೇಣಿ! ಮೊತ್ತ 1 ÷ (1 − 0.59), ಅಂದರೆ ಸುಮಾರು 2.4. ಹಸಿರಿಗೆ 1 ÷ (1 − 0.26), ಅಂದರೆ ಸುಮಾರು 1.4. ಅದೇ ಟ್ಯೂಬ್‌ಲೈಟ್, ಅದೇ ಕರೆಂಟ್ ಬಿಲ್. ಆದರೆ ಪೀಚ್ ರೂಮಿನಲ್ಲಿ ಸುತ್ತಾಡೋ ಬೆಳಕು ಹಸಿರು ರೂಮಿನದಕ್ಕಿಂತ ಸುಮಾರು 1.8 ಪಟ್ಟು.

ಇನ್ನೂ ಸ್ಪಷ್ಟವಾಗಿ ಬೇಕಾದರೆ: 2000 ಲ್ಯೂಮೆನ್ ಕೊಡೋ ಒಂದು ಎಲ್‌ಇಡಿ ಟ್ಯೂಬ್ ಇದ್ದರೆ, ರೂಮಿನ ಎಲ್ಲಾ ಮೇಲ್ಮೈಗಳ ಮೇಲೆ ಸರಾಸರಿ ಬೆಳಕು ಪೀಚ್‌ನಲ್ಲಿ 77 ಲಕ್ಸ್ ಆಸುಪಾಸು, ಹಸಿರಿನಲ್ಲಿ 43 ಆಸುಪಾಸು. ಓದೋಕೆ, ಬರೆಯೋಕೆ ಮೇಜಿನ ಮೇಲೆ ಸುಮಾರು 300 ಲಕ್ಸ್ ಇರಬೇಕು ಅನ್ನೋದು ರೂಢಿಯ ಅಳತೆ. ಅಂದರೆ ಎರಡರಲ್ಲೂ ಟೇಬಲ್ ಲ್ಯಾಂಪ್ ಬೇಕೇ ಬೇಕು. ಹಸಿರು ರೂಮಿನಲ್ಲಿ ಲ್ಯಾಂಪ್ ಆರಿಸಿದರೆ ಗುಹೆ.

ಇದರಲ್ಲಿ ಒಂದು ಮೋಸ ಇದೆ. ಬೆಳಕು ಅರ್ಧ ಆದರೂ ಕಣ್ಣಿಗೆ ಅರ್ಧ ಅನ್ಸೋದಿಲ್ಲ. ಹತ್ತು ನಿಮಿಷದಲ್ಲಿ ಕಣ್ಣು ಹೊಂದಿಕೊಂಡುಬಿಡುತ್ತೆ. "ಬೆಳಕು ಸಾಕಷ್ಟಿದೆ ಮಗಾ" ಅಂತ ಹಸಿರು ಪಾರ್ಟಿಯವನು ವಾದ ಮಾಡಿದ್ದು ಸುಳ್ಳಲ್ಲ, ಅವನಿಗೆ ಹಾಗೇ ಅನ್ಸುತ್ತೆ. ಆದರೆ ಡೇಟಾಶೀಟ್‌ನ ಸಣ್ಣ ಅಕ್ಷರ ಓದೋವಾಗ ವ್ಯತ್ಯಾಸ ಗೊತ್ತಾಗುತ್ತೆ.

ಎರಡನೇ ಲೆಕ್ಕ: ಕಿಟಕಿ ಆಚೆ ಏನಿದೆ?

ಸಿ.ವಿ. ರಾಮನ್ ನಗರ ಅಂದರೆ ಒಂದು ಕಡೆ ಡಿಆರ್‌ಡಿಒ ಲ್ಯಾಬ್‌ಗಳ ದೊಡ್ಡ ಕಾಂಪೌಂಡು, ಮರಗಳು. ಇನ್ನೊಂದು ಕಡೆ ಬಾಗ್ಮನೆ ಟೆಕ್ ಪಾರ್ಕ್. ನಡುವೆ, ಕಗ್ಗದಾಸಪುರದ ಕಡೆಗೆಲ್ಲ, 20×30, 30×40 ಸೈಟುಗಳಲ್ಲಿ ಮೂರು ನಾಲ್ಕು ಮಹಡಿ ಎದ್ದ ಬಾಡಿಗೆ ಮನೆಗಳು. ನಮ್ಮದು ಈ ಕೊನೇ ಜಾತಿ. ಕಿಟಕಿ ತೆಗೆದರೆ ಕೈಗೆ ಸಿಗೋದು ಪಕ್ಕದ ಬಿಲ್ಡಿಂಗಿನ ಗೋಡೆ. ಅದರ ಬಣ್ಣ ಕಡು ಕೇಸರಿ.

ಹಾಗಾಗಿ ನಮ್ಮ ರೂಮಿಗೆ ಹಗಲು ಬರೋದು ಆಕಾಶದ ಬೆಳಕಲ್ಲ, ಕೇಸರಿ ಗೋಡೆಗೆ ಬಡಿದು ಬಂದ ಬೆಳಕು. ಅದರಲ್ಲಿ ಕೆಂಪು, ಹಳದಿ ಜಾಸ್ತಿ. ಹಸಿರು, ನೀಲಿ ಕಡಿಮೆ. ಈ ಬೆಳಕು ಬಾಟಲ್ ಗ್ರೀನ್ ಮೇಲೆ ಬಿದ್ದರೆ? ಹಸಿರು ಪಿಗ್ಮೆಂಟ್ ಕೆಂಪನ್ನು ನುಂಗುತ್ತೆ. ಬಂದಿರೋದೇ ಕೆಂಪು. ವಾಪಸ್ ಕೊಡೋಕೆ ಬಾಕಿ ಏನೂ ಇಲ್ಲ. ಹಸಿರು ಬಣ್ಣದ ಸ್ಯಾಂಪಲ್ಲನ್ನು ಮಧ್ಯಾಹ್ನ ಕಿಟಕಿ ಪಕ್ಕ ಹಿಡಿದಾಗ ಅದು ಸುಟ್ಟ ಬದನೆಕಾಯಿ ಸಿಪ್ಪೆ ಥರ ಕಂಡಿತು. ಅದೇ ಸ್ಯಾಂಪಲ್ ರಾತ್ರಿ ಎಲ್‌ಇಡಿ ಕೆಳಗೆ ಚೆಂದದ ಹಸಿರು. ಪೀಚ್‌ದು ಇದಕ್ಕೆ ಉಲ್ಟಾ: ಹಗಲು ಹೆಚ್ಚು ಕಿತ್ತಳೆ, ರಾತ್ರಿ ಬಿಳಿ ಎಲ್‌ಇಡಿ ಕೆಳಗೆ ಸ್ವಲ್ಪ ಪೇಲವ.

ಗೋಡೆಗೆ ಅಂತ ಒಂದು ಖಾಯಂ ಬಣ್ಣ ಇಲ್ಲ ಅನ್ನೋದು ಇಲ್ಲಿ ಅರ್ಥವಾಗೋದು. ಬೆಳಕಿನಲ್ಲಿ ಏನಿದೆ, ಪಿಗ್ಮೆಂಟ್ ಏನನ್ನು ಬಿಡುತ್ತೆ, ಇವೆರಡರ ಗುಣಲಬ್ಧ ನಮ್ಮ ಕಣ್ಣಿಗೆ ಬರೋದು. ಅಂಗಡಿಯ ಬಿಳಿ ಬೆಳಕಿನಲ್ಲಿ ಆರಿಸಿದ ಶೇಡ್ ಮನೆಗೆ ಬಂದಾಗ ಬೇರೆ ಆಗೋದು ಇದರಿಂದಲೇ. ಸಾಮಾನ್ಯ ಬಿಳಿ ಎಲ್‌ಇಡಿಯಲ್ಲಿ ಒಂದು ನೀಲಿ ಚಿಪ್, ಅದರ ಮೇಲೆ ಹಳದಿ ಫಾಸ್ಫರ್. ಆ ಬೆಳಕಿನಲ್ಲಿ ಕಡುಗೆಂಪು ಭಾಗ ಕಡಿಮೆ ಇರುತ್ತೆ. ಅಗ್ಗದ ಬಲ್ಬಿನಲ್ಲಿ ಮುಖಗಳೆಲ್ಲ ಜ್ವರ ಬಂದವರ ಥರ ಕಾಣೋದು ನೆನಪಿಸಿಕೊಳ್ಳಿ.

ಮತ್ತೊಂದು ಗುಣಾಕಾರವೂ ಇದೆ. ಪೀಚ್ ಕೆಂಪನ್ನು 0.8, ನೀಲಿಯನ್ನು 0.5 ವಾಪಸ್ ಕೊಡುತ್ತೆ ಅಂತಿಟ್ಟುಕೊಳ್ಳಿ. ಕಾರ್ಡಿನ ಮೇಲೆ ಒಂದೇ ಪುಟಿತ, ಅನುಪಾತ 1.6. ರೂಮಿನಲ್ಲಿ ಎರಡು ಸಲ ಪುಟಿದ ಬೆಳಕಿಗೆ 0.64 ಮತ್ತು 0.25, ಅನುಪಾತ 2.56. ಹಾಗಾಗಿ ನಾಲ್ಕೂ ಗೋಡೆಗೆ ಹೊಡೆದಾಗ ಬಣ್ಣ ಕಾರ್ಡಿನಲ್ಲಿ ಕಂಡಿದ್ದಕ್ಕಿಂತ ಗಾಢವಾಗುತ್ತೆ. ಕಾರ್ಡಿನಲ್ಲಿ ಇಷ್ಟವಾಗಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯದನ್ನು ತಗೊಳ್ಳಿ ಅಂತ ಪೇಂಟರ್ ಅಣ್ಣಂದಿರು ಹೇಳೋದರ ಹಿಂದೆ ಇರೋ ಗಣಿತ ಇದು.

ಪಕ್ಕಪಕ್ಕ ಇಟ್ಟರೆ ಏನಾಗುತ್ತೆ?

ಎರಡು ವಿರುದ್ಧ ಬಣ್ಣಗಳನ್ನು ಒಂದೇ ಕಾರ್ಡಿನಲ್ಲಿ ಪಕ್ಕಪಕ್ಕ ನೋಡಿ ತೀರ್ಮಾನ ಮಾಡೋದು ಇನ್ನೊಂದು ತಪ್ಪು. ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ಉಸ್ತುವಾರಿ ನೋಡ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರೆಲ್‌ಗೆ, ಕಪ್ಪು ನೂಲಿನ ಬಣ್ಣ ಸರಿಯಿಲ್ಲ ಅಂತ ದೂರು ಬಂತು. ನೂಲು ಪರೀಕ್ಷೆ ಮಾಡಿದರೆ ಬಣ್ಣ ಸರಿಯಾಗೇ ಇದೆ. ತಪ್ಪು ಪಕ್ಕದಲ್ಲಿ ನೇಯ್ದ ನೂಲಿನದು. ಪಕ್ಕದ ಬಣ್ಣ ಕಣ್ಣಿನಲ್ಲಿ ಇದರ ಬಣ್ಣವನ್ನು ತನ್ನ ವಿರುದ್ಧ ದಿಕ್ಕಿಗೆ ತಳ್ಳುತ್ತೆ. ಇದರ ಬಗ್ಗೆ ಅವರು 1839ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಹಸಿರಿನ ಪಕ್ಕದಲ್ಲಿ ಪೀಚ್ ಇನ್ನಷ್ಟು ಕೆಂಪಗೆ, ಪೀಚ್ ಪಕ್ಕದಲ್ಲಿ ಹಸಿರು ಇನ್ನಷ್ಟು ಹಸಿರಾಗಿ ಕಾಣುತ್ತೆ. ಎರಡೂ ಚೆಂದ ಕಂಡವು ಅಂತ ಒಂದನ್ನೇ ತಂದು ಹೊಡೆದರೆ ಆ ಚೆಂದ ಇರಲ್ಲ.

ಇನ್ನೆರಡು ನಂಬಿಕೆ

"ಕಡು ಬಣ್ಣ ಹೊಡೆದರೆ ರೂಮು ಕಾಯುತ್ತೆ": ಒಳಗೋಡೆಗೆ ಇದು ಹೆಚ್ಚುಕಮ್ಮಿ ಅನ್ವಯಿಸಲ್ಲ. ಕಿಟಕಿಯಿಂದ ಒಳಗೆ ಬಂದ ಬೆಳಕು ಯಾವ ಬಣ್ಣದ ಗೋಡೆ ಇದ್ದರೂ ಕೊನೆಗೆ ಒಳಗೇ ಶಾಖವಾಗುತ್ತೆ. ಬಿಸಿಲು ನೇರ ಬೀಳೋ ತಾರಸಿ, ಹೊರಗೋಡೆಗಳ ಬಣ್ಣ ಮುಖ್ಯ. ಟಾಪ್ ಫ್ಲೋರ್‌ನಲ್ಲಿ ಬೇಯುತ್ತಿರೋರು ತಾರಸಿಗೆ ಬಿಳಿ ಹೊಡೆಸಿ ಅಂತ ಓನರ್‌ಗೆ ಹೇಳಿ ನೋಡಿ.

"ಹಸಿರು ಕಣ್ಣಿಗೆ ತಂಪು": ಮರಗಿಡ ನೋಡಿದಾಗ ಕಣ್ಣಿಗೆ ಆರಾಮ ಅನ್ಸೋದರಲ್ಲಿ ದೊಡ್ಡ ಪಾಲು ದೂರದ್ದು. ದೂರ ನೋಡುವಾಗ ಕಣ್ಣಿನ ಮಸೂರ ಹಿಡಿದಿಡೋ ಸ್ನಾಯು ಸಡಿಲಾಗುತ್ತೆ. ಎರಡಡಿ ದೂರದ ಹಸಿರು ಗೋಡೆಯಿಂದ ಆ ಲಾಭ ಇಲ್ಲ. ಓದ್ತಾ ಓದ್ತಾ ಎದ್ದು ಕಾರಿಡಾರ್‌ಗೆ ಹೋಗಿ ಡಿಆರ್‌ಡಿಒ ಕಡೆಯ ಮರ ನೋಡಿ ಬನ್ನಿ, ಪುಕ್ಕಟೆ.

ಅಡ್ವಾನ್ಸ್ ಲೆಕ್ಕ

ನಮಗೆ ಇದೇ ಮುಖ್ಯ. ಬೆಂಗಳೂರಿನಲ್ಲಿ ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋದು ರೂಢಿ. ತಿಳಿ ಗೋಡೆ ಮೇಲೆ ಕಡು ಬಣ್ಣ ಹೊಡೆಯೋದು ಸುಲಭ. ಕಡು ಗೋಡೆ ಮೇಲೆ ತಿಳಿ ಬಣ್ಣ ಬರಬೇಕಾದರೆ ಕಷ್ಟ: ಒಂದು ಕೋಟ್ ಪ್ರೈಮರ್, ಅದರ ಮೇಲೆ ಎರಡು, ಕೆಲವು ಸಲ ಮೂರು ಕೋಟ್. ಇಲ್ಲದಿದ್ದರೆ ಹಿಂದಿನ ಹಸಿರು ಇಣುಕುತ್ತೆ.

ಒಂದು ಲೀಟರಿಗೆ ಎರಡು ಕೋಟ್‌ನಲ್ಲಿ 100 ಚದರ ಅಡಿ ಅಂತ ಹಿಡಿದರೆ 403 ಚದರ ಅಡಿಗೆ 4 ಲೀಟರ್. (ನಿಮ್ಮ ಡಬ್ಬದ ಮೇಲೆ ಬರೆದಿರೋ ಸಂಖ್ಯೆಯನ್ನೇ ಬಳಸಿ. ಪುಟ್ಟಿ ಹೊಸದಾದರೆ, ಗೋಡೆ ಉರುಟಾಗಿದ್ದರೆ ಹೆಚ್ಚು ಕುಡಿಯುತ್ತೆ.) ಪೂರ್ತಿ ಹಸಿರು ಹೊಡೆದರೆ ಈಗ 4 ಲೀಟರ್ ಓನರ್‌ದು, ಖಾಲಿ ಮಾಡುವಾಗ ಪ್ರೈಮರ್ ಜೊತೆ 4ರಿಂದ 6 ಲೀಟರ್ ನಮ್ಮದು. ಕಡು ಮ್ಯಾಟ್ ಬಣ್ಣದ ಮೇಲೆ ಬೆನ್ನು, ಬ್ಯಾಗು, ಮಂಚ ಉಜ್ಜಿದ ಕಡೆಯೆಲ್ಲ ಬಿಳಿಚಿದ ಗೀರು ಬೇರೆ ಎದ್ದು ಕಾಣುತ್ತೆ. ಪೀಚ್‌ನಲ್ಲಿ ಗೀರು ಕಾಣಲ್ಲ, ಆದರೆ ಎಣ್ಣೆತಲೆ ಒರಗಿದ ಕಲೆ ಕಾಣುತ್ತೆ. ಎರಡಕ್ಕೂ ಅದರದರ ಕರ್ಮ.

ಇನ್ನೊಂದು ಮಾತು. ಗೋಡೆಯಲ್ಲಿ ಶೀತ ಇದ್ದರೆ ಯಾವ ಬಣ್ಣವೂ ನಿಲ್ಲಲ್ಲ. ಬಾತ್‌ರೂಮ್ ಪಕ್ಕದ ಗೋಡೆಯಲ್ಲಿ ನೀರು ಜಿನುಗಿ, ಜೊತೆಗೆ ಲವಣಗಳನ್ನು ತಂದು, ಪೇಂಟಿನ ಹಿಂದೆ ಹರಳುಗಟ್ಟಿ ಸಿಪ್ಪೆ ಎಬ್ಬಿಸುತ್ತೆ. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಬಣ್ಣ.

ಅಜ್ಜಿಯ ಡಿಸೈನ್

ಇಷ್ಟೆಲ್ಲ ಲೆಕ್ಕ ನಡೀತಿರುವಾಗ ಪೀಚ್ ಪಾರ್ಟಿಯವನ ಅಜ್ಜಿ ಫೋನ್ ಮಾಡಿದರು. ವಿಷಯ ಕೇಳಿ, "ಅದ್ಯಾಕ್ ಹೊಡ್ದಾಡ್ತೀರ್ಲಾ, ಕೆಳೀಕೆ ಕೆಮ್ಮಣ್ಣು, ಮೇಲಕ್ಕೆ ಸುಣ್ಣ" ಅಂದರು.

ಯೋಚಿಸಿದರೆ ಇದಕ್ಕಿಂತ ಒಳ್ಳೆ ಇಂಜಿನಿಯರಿಂಗ್ ಇಲ್ಲ. ಗೋಡೆಯ ಕೆಳಭಾಗಕ್ಕೆ ಕಾಲು, ನೀರು, ಪೊರಕೆ ತಗಲುತ್ತೆ. ಅಲ್ಲಿ ಕಲೆ ನುಂಗೋ ಕಡು ಬಣ್ಣ. ಮೇಲ್ಭಾಗ ಬೆಳಕು ಹಂಚಬೇಕು, ಅಲ್ಲಿ ಬಿಳಿ. ಸರ್ಕಾರಿ ಶಾಲೆ, ಆಸ್ಪತ್ರೆಗಳಲ್ಲಿ ಕೆಳಗೆ ಆಯಿಲ್ ಪೇಂಟ್ ಪಟ್ಟಿ, ಮೇಲೆ ತಿಳಿ ಡಿಸ್ಟೆಂಪರ್ ಇರೋದೂ ಇದೇ ಲೆಕ್ಕ. "ಇದಾ ಅದಾ" ಅಂತ ನಾವು ಜಗಳವಾಡ್ತಿದ್ದೆವು. ಎರಡೂ ಬಣ್ಣ ಒಂದೇ ರೂಮಿನಲ್ಲಿ ಎಲ್ಲೆಲ್ಲಿ ಇರಬೇಕು ಅನ್ನೋದು ಸರಿಯಾದ ಪ್ರಶ್ನೆ.

ಮತ್ತೆ ಲೆಕ್ಕ. ಸುತ್ತ ಕೆಳಗಿನ 3 ಅಡಿ ಹಸಿರು, ಮೇಲೆ ಪೀಚ್ ಆದರೆ: ಹಸಿರು 123 ಚದರ ಅಡಿ, ಬೆಳಕಿನ ಗುಣಕ 1.96. ಪೂರ್ತಿ ಪೀಚ್‌ಗಿಂತ ಶೇ. 20ರಷ್ಟು ನಷ್ಟ. ಬಾಗಿಲು ಕಿಟಕಿ ಇಲ್ಲದ 10 ಅಡಿಯ ಒಂದು ಗೋಡೆ ಮಾತ್ರ ಹಸಿರು ಆದರೆ: 100 ಚದರ ಅಡಿ, ಗುಣಕ 2.04, ನಷ್ಟ ಶೇ. 16. ನಾಲ್ಕೂ ಹಸಿರಾದರೆ ನಷ್ಟ ಶೇ. 44 ಇತ್ತು.

ಒಂದು ಗೋಡೆ ಅಂತಾದರೆ ಯಾವ ಗೋಡೆ? ಕಿಟಕಿ ಇರೋ ಗೋಡೆ ಬೇಡ. ಹೊಳೆಯೋ ಕಿಟಕಿ ಸುತ್ತ ಕಡು ಬಣ್ಣ ಇದ್ದರೆ ಕಣ್ಣು ಕುಕ್ಕುತ್ತೆ. ಕಿಟಕಿ ಎದುರಿನ ಗೋಡೆಯೂ ಬೇಡ. ಹಗಲಿನ ಬೆಳಕು ಹೆಚ್ಚು ಬೀಳೋದು ಅಲ್ಲೇ, ಅದನ್ನು ವಾಪಸ್ ಕಳಿಸಬೇಕು. ಓದೋ ಮೇಜಿನ ಮುಂದಿನ ಗೋಡೆಯೂ ಬೇಡ. ರಾತ್ರಿ ಲ್ಯಾಪ್‌ಟಾಪ್ ಪರದೆ, ಹಿಂದಿನ ಕತ್ತಲೆ ಗೋಡೆ, ಇವೆರಡರ ನಡುವೆ ಕಣ್ಣು ಒದ್ದಾಡುತ್ತೆ. ಉಳಿದದ್ದು ಕೂತವರ ಬೆನ್ನ ಹಿಂದಿನ ಗೋಡೆ. ಲ್ಯಾಪ್‌ಟಾಪ್ ಪರದೆಯಲ್ಲಿ ಪ್ರತಿಫಲಿಸೋದು ಆ ಗೋಡೆಯೇ. ಅದು ಕಡು ಬಣ್ಣದ್ದಾದರೆ ಪರದೆ ಮೇಲಿನ ಮಸುಕೂ ಕಡಿಮೆ. ಅದೃಷ್ಟಕ್ಕೆ ನಮ್ಮ ರೂಮಿನಲ್ಲಿ ಅದೇ 10 ಅಡಿಯ ಖಾಲಿ ಗೋಡೆ.

ಫೋನಿನಲ್ಲಿ ಅಳೆಯೋದು ಹೇಗೆ?

ಸ್ಯಾಂಪಲ್ ಪೇಂಟನ್ನು ಗೋಡೆಗೆ ಬಳಿಯಬೇಡಿ. ದಪ್ಪ ರಟ್ಟಿಗೆ, ಕನಿಷ್ಠ ಎರಡಡಿ ಚೌಕಕ್ಕೆ, ಎರಡು ಕೋಟ್ ಹೊಡೆಯಿರಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಬೇರೆ ಬೇರೆ ಗೋಡೆಗೆ ಒರಗಿಸಿ ನೋಡಿ. ಒಂದು ಸಲಕ್ಕೆ ಒಂದೇ ಬಣ್ಣ.

ಪ್ರತಿಫಲನ ಅಳೆಯೋಕೆ: ರಟ್ಟಿನ ಪಕ್ಕ ಒಂದು ಬಿಳಿ ಎ4 ಹಾಳೆ ಇಟ್ಟು, ಒಂದೇ ಥರ ಬೆಳಕು ಬೀಳೋ ಹಾಗೆ ನೋಡಿಕೊಂಡು, ಒಂದೇ ಫೋಟೋದಲ್ಲಿ ಎಲ್ಲಾ ಬರೋ ಹಾಗೆ ತೆಗೆದು, ಕಪ್ಪು-ಬಿಳುಪು ಮಾಡಿ. ಹಾಳೆಯ ಪ್ರತಿಫಲನ ಸುಮಾರು 0.8. ನಮ್ಮ ಫೋಟೋದಲ್ಲಿ ಪಿಕ್ಸೆಲ್ ಬೆಲೆ ಹಾಳೆಗೆ 230, ಪೀಚ್‌ಗೆ 210, ಹಸಿರಿಗೆ 89 ಬಂತು.

ಇಲ್ಲಿ ಎಡವಬೇಡಿ. 89 ಅಂದರೆ 210ರ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಅಲ್ವಾ, ಅಷ್ಟೇನೂ ಕತ್ತಲೆ ಅಲ್ಲ ಅಂತ ಹಸಿರು ಪಾರ್ಟಿ ಕುಣಿದಾಡಿತು. ಆದರೆ ಪಿಕ್ಸೆಲ್ ಬೆಲೆ ಬೆಳಕಿಗೆ ನೇರ ಅನುಪಾತದಲ್ಲಿ ಇರಲ್ಲ. 255ರಿಂದ ಭಾಗಿಸಿ, ಸುಮಾರು 2.2ರ ಘಾತಕ್ಕೆ ಏರಿಸಬೇಕು. ಆಗ ಹಾಳೆ 0.80, ಪೀಚ್ 0.65, ಹಸಿರು 0.10. ಅರ್ಧ ಅಲ್ಲ, ಆರೂವರೆಯಲ್ಲಿ ಒಂದು ಪಾಲು. ಫೋನ್ ತನ್ನದೇ ಕೈಚಳಕ ಮಾಡಿರುತ್ತೆ, ಹಾಗಾಗಿ ಇದು ಅಂದಾಜು ಮಾತ್ರ. ಆದರೂ ಜಗಳ ನಿಲ್ಲಿಸೋಕೆ ಸಾಕು.

ಮೂರನೆಯವನ ವೋಟು

ಆ ಕಪ್ಪು-ಬಿಳುಪು ಫೋಟೋ ನೋಡಿದಾಗ ಮೂರನೆಯವನು, "ಇದನ್ನೇ ಅಲ್ವಾ ನಾನು ಮೊದಲ ದಿನ ಹೇಳಿದ್ದು" ಅಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತನಗೆ ಕೆಂಪು-ಹಸಿರು ಸರಿಯಾಗಿ ಬೇರೆಯಾಗಿ ಕಾಣಲ್ಲ ಅಂತ ಹೇಳಿದ. ಎರಡು ವರ್ಷ ಒಂದೇ ರೂಮಿನಲ್ಲಿದ್ದೂ ನಮಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಒಮ್ಮೆ ಎಲೆಗೆ ಕಂದು ಬಣ್ಣ ಹಾಕಿ ಕ್ಲಾಸೆಲ್ಲ ನಕ್ಕ ಮೇಲೆ ಯಾರಿಗೂ ಹೇಳೋದು ಬಿಟ್ಟಿದ್ದನಂತೆ. ನಾವೂ ಅದನ್ನೇ ಮಾಡಿದ್ದೆವು.

ಕಲರ್ ಬ್ಲೈಂಡ್ ಅಂದರೆ ಕಪ್ಪು-ಬಿಳುಪು ಸಿನಿಮಾ ಅಲ್ಲ. ಕಣ್ಣಿನಲ್ಲಿ ಮೂರು ಥರದ ಕೋನ್ ಕೋಶಗಳಿವೆ. ಅದರಲ್ಲಿ ಒಂದು ಇಲ್ಲದಿದ್ದರೆ ಅಥವಾ ಅದರ ಸಂವೇದನೆ ಪಕ್ಕಕ್ಕೆ ಸರಿದಿದ್ದರೆ ಕೆಲವು ಬಣ್ಣಗಳು ಒಂದರೊಳಗೊಂದು ಸೇರಿಹೋಗುತ್ತವೆ. ನೀಲಿ, ಹಳದಿ ಅವನಿಗೆ ಚೆನ್ನಾಗೇ ಕಾಣುತ್ತೆ. ತಿಳಿ ಪೀಚ್ ಮತ್ತು ತಿಳಿ ಪಿಸ್ತಾ ಹಸಿರು ಮಾತ್ರ ಗೊಂದಲ. ಕೆಂಪು, ಹಸಿರು ಕೋನ್‌ಗಳ ಜೀನ್ ಎಕ್ಸ್ ಕ್ರೋಮೋಸೋಮ್‌ನಲ್ಲಿ ಇರೋದರಿಂದ ಇದು ಗಂಡಸರಲ್ಲೇ ಹೆಚ್ಚು. ಯೂರೋಪ್ ಮೂಲದ ಗಂಡಸರಲ್ಲಿ ಸುಮಾರು ಶೇ. 8. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್‌ಗೂ ಇತ್ತು. 1794ರಲ್ಲಿ ತನ್ನ ಕಣ್ಣಿನ ಬಗ್ಗೆ ತಾನೇ ಪ್ರಬಂಧ ಓದಿದ ಆತ, ಸತ್ತ ಮೇಲೆ ಕಣ್ಣನ್ನು ಪರೀಕ್ಷಿಸಿ ಅಂತ ಹೇಳಿಹೋದ. 1995ರಲ್ಲಿ ಉಳಿದಿದ್ದ ಕಣ್ಣಿನ ಡಿಎನ್‌ಎ ನೋಡಿ, ಹಸಿರಿನ ಕೋನ್ ಇರಲಿಲ್ಲ ಅಂತ ಖಚಿತಪಡಿಸಿದರು.

ನಮ್ಮ ಲ್ಯಾಬ್‌ನಲ್ಲಿ ಇದು ಎಂಥ ತೊಂದರೆ ಅಂತ ಅವನು ಹೇಳಿದ ಮೇಲೆ ತಲೆಗೆ ಹೋಯ್ತು. ಕಂದು-ಕಪ್ಪು-ಕೆಂಪು ಅಂದರೆ 1 ಕಿಲೋ ಓಮ್. ಕಂದು-ಕಪ್ಪು-ಹಸಿರು ಅಂದರೆ 1 ಮೆಗಾ ಓಮ್. ಒಂದೇ ಪಟ್ಟಿ, ಸಾವಿರ ಪಟ್ಟು ವ್ಯತ್ಯಾಸ. ಅವನು ಪ್ರತಿ ರೆಸಿಸ್ಟರನ್ನೂ ಮಲ್ಟಿಮೀಟರ್‌ನಲ್ಲಿ ಅಳೆದು ಹಾಕ್ತಿದ್ದ. ನಾವು "ಇವನೊಬ್ಬ ನಿಧಾನ" ಅಂತಿದ್ದೆವು. ರೈಲ್ವೆಯ ಲೋಕೋ ಪೈಲಟ್‌ನಂಥ ಕೆಲಸಕ್ಕೆ ಬಣ್ಣದ ಪರೀಕ್ಷೆ ಪಾಸಾಗಲೇಬೇಕು. ಸಿಗ್ನಲ್ ನೋಡೋ ಕೆಲಸ, ಆ ನಿಯಮಕ್ಕೆ ಕಾರಣ ಇದೆ. ಆದರೆ ಲ್ಯಾಬ್‌ನಲ್ಲಿ, ಪಿಪಿಟಿಯಲ್ಲಿ, ಗ್ರಾಫ್‌ನಲ್ಲಿ ಕೆಂಪು ಗೆರೆ ಹಸಿರು ಗೆರೆ ಅಂತ ಬಿಡೋದು ಬರೀ ನಮ್ಮ ಸೋಮಾರಿತನ. ಒಂದನ್ನು ಚುಕ್ಕೆ ಗೆರೆ ಮಾಡಿ, ಒಂದನ್ನು ದಪ್ಪ ಮಾಡಿ, ಪಕ್ಕದಲ್ಲಿ ಹೆಸರು ಬರೆಯಿರಿ. ಫೋಟೋ ಕಪ್ಪು-ಬಿಳುಪು ಮಾಡಿದಾಗಲೂ ಅರ್ಥವಾಗೋ ಗ್ರಾಫ್ ಎಲ್ಲರಿಗೂ ಅರ್ಥವಾಗುತ್ತೆ.

ಹೋದ ಭಾನುವಾರ ಪೇಂಟ್ ಹೊಡೆದೆವು. 3 ಲೀಟರ್ ಪೀಚ್, 1 ಲೀಟರ್ ಬಾಟಲ್ ಗ್ರೀನ್. ಕಾರ್ಡಿನಲ್ಲಿ ಆರಿಸಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿ ಪೀಚ್ ತಗೊಂಡಿದ್ದು ಸರಿಯಾಯ್ತು. ಖಾಲಿ ಮಾಡುವಾಗ ಪ್ರೈಮರ್ ಬೇಕಾಗೋದು ಒಂದೇ ಗೋಡೆಗೆ. ಹೊಸ ಬಣ್ಣದ ಮೇಲೆ ಸ್ವಿಚ್‌ಬೋರ್ಡ್ ಬದಲಿಸೋದಿತ್ತು. ಗೀಸರ್ ಸ್ವಿಚ್‌ನ ಇಂಡಿಕೇಟರ್ ಕೆಂಪೋ ಹಸಿರೋ ಅಂತ ಇಷ್ಟು ದಿನ ಅವನು ನಮ್ಮನ್ನು ಕೇಳದೆ ಊಹಿಸ್ತಿದ್ದನಂತೆ. ಈಗ ಅದರ ಪಕ್ಕ ಮಾರ್ಕರ್‌ನಲ್ಲಿ ಬರೆದಿದ್ದೀವಿ: "ದೀಪ ಉರಿದರೆ ಆನ್. ಆರಿಸಿ ಹೋಗಿ."